ಹೆಣೆದಾಯಿತು, ಇನ್ನು ಜೋಡಿಸೋದು ಹೇಗೆ? ಕೈ ಸ್ವೆಟರ್ ಮುಗಿಸುವ ದಾರಿಗಳ ಹೋಲಿಕೆ

ಬೆನ್ನಿನ ತುಂಡು ಒಂದು, ಎದೆಯ ತುಂಡು ಒಂದು, ತೋಳು ಎರಡು. ನಾಲ್ಕೂ ಹೆಣೆದು ಮುಗಿದಿವೆ. ಆಮೇಲೆ ನಾಲ್ಕೂ ಒಂದು ಕ್ಯಾರಿಬ್ಯಾಗಿಗೆ ಸೇರುತ್ತವೆ, ಬ್ಯಾಗು ಟ್ರಂಕಿಗೆ ಸೇರುತ್ತದೆ. ಹೆಣೆಯೋದು ಟಿವಿ ನೋಡುತ್ತಾ, ಮಾತಾಡುತ್ತಾ ಸಾಗುವ ಕೆಲಸ. ಜೋಡಿಸೋದು ಹಾಗಲ್ಲ. ಅದಕ್ಕೆ ಬೆಳಕು ಬೇಕು, ಲೆಕ್ಕ ಬೇಕು, ಯಾರೂ ಕರೆಯದ ಒಂದು ಮಧ್ಯಾಹ್ನ ಬೇಕು. ಅದಕ್ಕೇ ಎಷ್ಟೋ ಮನೆಗಳಲ್ಲಿ ಸ್ವೆಟರ್ ಇರೋದಿಲ್ಲ, ಸ್ವೆಟರಿನ ತುಂಡುಗಳಿರುತ್ತವೆ.

ಬಳ್ಳಾರಿಯಲ್ಲಿ ಇದಕ್ಕೆ ಇನ್ನೊಂದು ತೊಂದರೆ ಸೇರುತ್ತದೆ. ನಮ್ಮ ಚಳಿಗಾಲ ಗಿಡ್ಡ. ದೀಪಾವಳಿ ಕಳೆದ ಮೇಲೆ ಬೆಳಗಿನ ಜಾವ ಒಂಚೂರು ತಂಪು, ಡಿಸೆಂಬರ್-ಜನವರಿಯಲ್ಲಿ ಚಳಿ ಅನ್ನಬಹುದಾದ ಚಳಿ, ಶಿವರಾತ್ರಿಗೆ ಅದು ‘ಶಿವ ಶಿವಾ’ ಅಂತ ಹೊರಟೇ ಹೋಗುತ್ತದೆ. ಸಂಕ್ರಾಂತಿಗೆ ಮುಗಿಯದ ಸ್ವೆಟರ್ ಮುಂದಿನ ವರ್ಷಕ್ಕೇ. ಅಷ್ಟರಲ್ಲಿ ಮಗು ಒಂದು ಅಳತೆ ದಾಟಿರುತ್ತದೆ.

ಮುಗಿಸೋಕೆ ದಾರಿ ಒಂದೇ ಅಲ್ಲ. ಪ್ರತಿ ಹಂತದಲ್ಲೂ ಎರಡು ಮೂರು ಆಯ್ಕೆ ಇರುತ್ತವೆ. ಅವುಗಳಲ್ಲಿ ಯಾವುದು ಯಾರಿಗೆ ಸರಿ ಅಂತ ಇಲ್ಲಿ ಹೋಲಿಸಿದ್ದೇನೆ. ಚೆಂದ, ವೇಗ, ಗಟ್ಟಿತನ ಎಲ್ಲವನ್ನೂ ನೋಡಬೇಕು, ನಿಜ. ಆದರೆ ನಾನು ಮೊದಲು ಕೇಳೋದು ಬೇರೆ ಪ್ರಶ್ನೆ: ಇದನ್ನು ಆಮೇಲೆ ಬಿಚ್ಚೋಕೆ ಬರುತ್ತದಾ? ಕೈಯಲ್ಲಿ ಹೆಣೆದ ಬಟ್ಟೆಯ ದೊಡ್ಡ ಅನುಕೂಲವೇ ಅದು. ತೋಳು ಗಿಡ್ಡವಾದರೆ ಬಿಚ್ಚಿ ಉದ್ದ ಮಾಡಬಹುದು, ಅಣ್ಣನದನ್ನು ಬಿಚ್ಚಿ ತಮ್ಮನಿಗೆ ಹೆಣೆಯಬಹುದು. ಮುಗಿಸುವ ಅವಸರದಲ್ಲಿ ಆ ಅನುಕೂಲ ಕಳೆದುಕೊಳ್ಳಬಾರದು.

ಮೊದಲು ದಾರ ಯಾವುದು ಅಂತ ಗೊತ್ತಿರಲಿ

ಉಲ್ಲನ್ ಅಂತ ನಾವು ಕೊಳ್ಳುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್. ಅಂಗಡಿಯಲ್ಲೂ ಉಲ್ಲನ್ ಅಂತಲೇ ಕೊಡುತ್ತಾರೆ, ಮನೆಯಲ್ಲೂ ಹಾಗೇ ಕರೆಯುತ್ತೇವೆ, ಹೋಗಲಿ ಬಿಡಿ. ಆದರೆ ಮುಗಿಸುವಾಗ ಈ ವ್ಯತ್ಯಾಸ ಗೊತ್ತಿರಲೇಬೇಕು. ಉಂಡೆಯ ಚೀಟಿ ಕಳೆದುಹೋಗಿದ್ದರೆ ಒಂದು ಬೆರಳುದ್ದ ದಾರವನ್ನು ಇಕ್ಕಳದಲ್ಲಿ ಹಿಡಿದು, ಬಚ್ಚಲಲ್ಲಿ ನಿಂತು, ಬೆಂಕಿ ಸೋಕಿಸಿ ನೋಡಿ. ಕುರಿ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಕರಿ ಗುಂಡಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ.

ನಮ್ಮ ಸೀಮೆಯ ಡೆಕ್ಕನಿ ಕುರಿಯ ಉಣ್ಣೆ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಒರಟು. ಕಂಬಳಿಗೆ ಅದೇ ಸರಿ, ಮೈಗೆ ತಾಗುವ ಸ್ವೆಟರಿಗೆ ಚುಚ್ಚುತ್ತದೆ.

ಮಕ್ಕಳಿಗೆ, ದಿನಾ ಹಾಕುವುದಕ್ಕೆ, ಯಾರು ಒಗೆಯುತ್ತಾರೋ ಗೊತ್ತಿಲ್ಲದ ಮನೆಗೆ ಅಕ್ರಿಲಿಕ್ಕೇ ಸರಿ ಅಂತ ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಓದುವ ಮಗಳಿಗೆ, ಉತ್ತರದ ಕಡೆ ಕೆಲಸಕ್ಕೆ ಹೋದ ಮಗನಿಗೆ ಉಣ್ಣೆ ಇರಲಿ. ಹತ್ತಿ ದಾರದ ಸ್ವೆಟರ್ ನಮ್ಮ ಹವೆಗೆ ಹಿತ. ಆದರೆ ಅದು ತೂಕಕ್ಕೆ ಜೋಲುತ್ತದೆ. ಹಾಗಾಗಿ ಅದರ ಭುಜದ ಜೋಡಣೆ ಜಾಸ್ತಿ ಗಟ್ಟಿ ಇರಬೇಕು.

ಅಳತೆಗೆ ತರೋದು: ನೀರಾ, ಹಬೆಯಾ, ಸಿಂಪಡಿಸೋದಾ?

ಕಡ್ಡಿಯಿಂದ ಇಳಿದ ತುಂಡಿನ ಅಂಚು ಸುರುಳಿ ಸುತ್ತಿಕೊಂಡಿರುತ್ತದೆ. ಎಡ ತೋಳು, ಬಲ ತೋಳು ಒಂದೇ ಲೆಕ್ಕದಲ್ಲಿ ಹೆಣೆದಿದ್ದರೂ ಬೇರೆ ಬೇರೆ ಉದ್ದ ಕಾಣುತ್ತವೆ. ಇದನ್ನು ಹಾಗೇ ಹೊಲಿಯಲು ಕೂತರೆ ಸಿಟ್ಟು ಬರೋದು ಖಂಡಿತ. ಜೋಡಿಸುವ ಮೊದಲೇ ತುಂಡುಗಳನ್ನು ಹರಡಿ ಅಳತೆಗೆ ತಂದುಬಿಡಿ. ‘ಬ್ಲಾಕಿಂಗ್’ ಅನ್ನೋದು ಇದನ್ನೇ.

ನೀರಿನ ವಿಧಾನ ಉಣ್ಣೆಗೆ ಹೇಳಿ ಮಾಡಿಸಿದ್ದು. ಉಗುರುಬೆಚ್ಚಗಿನ ನೀರಲ್ಲಿ ಹದಿನೈದಿಪ್ಪತ್ತು ನಿಮಿಷ ನೆನೆಸಿ. ಉಜ್ಜಬೇಡಿ, ಹಿಂಡಬೇಡಿ. ಎರಡೂ ಅಂಗೈಯಲ್ಲಿ ಒತ್ತಿ ನೀರು ಬಸಿಯಿರಿ. ಒಣ ಟವೆಲಿನ ಮೇಲೆ ಹರಡಿ, ಟವೆಲನ್ನು ಸುತ್ತಿ, ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತಿ. ಆಮೇಲೆ ಚಾಪೆಯ ಮೇಲೆ ಇನ್ನೊಂದು ಟವೆಲ್ ಹಾಸಿ, ಟೇಪ್ ಹಿಡಿದು ಅಳತೆ ಮಾಡುತ್ತಾ ಗುಂಡುಸೂಜಿ ಚುಚ್ಚಿ. ಒಣಗಿದ ಮೇಲೆ ಉಣ್ಣೆ ಆ ಆಕಾರ ಹಿಡಿದುಕೊಳ್ಳುತ್ತದೆ, ಮುಂದಿನ ಒಗೆತದವರೆಗೂ. ಗುಂಡುಸೂಜಿ ಸ್ಟೀಲಿನದೇ ಇರಲಿ, ತುಕ್ಕಿನ ಕಲೆ ಹೋಗುವುದಿಲ್ಲ.

ಬೋರ್‌ವೆಲ್ ನೀರು ಗಡಸಾದರೆ ಸಾಬೂನು ನೊರೆ ಬರದೆ ಜಿಡ್ಡಾಗಿ ಎಳೆಗೆ ಅಂಟುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಿಮ್ಮ ಬಚ್ಚಲಿನ ಬಕೆಟ್ಟೇ ಹೇಳುತ್ತದೆ. ನಲ್ಲಿ ನೀರು ಬಂದ ದಿನ ಈ ಕೆಲಸ ಇಟ್ಟುಕೊಳ್ಳಿ. ಇಲ್ಲವಾದರೆ ಅಂಟುವಾಳಕಾಯಿ ನೆನೆಸಿದ ನೀರು ಬಳಸಿ. ಉಣ್ಣೆಗೆ, ರೇಷ್ಮೆಗೆ ಹಿಂದಿನಿಂದ ಅದನ್ನೇ ಬಳಸಿದ್ದಾರೆ. ಬಿಳಿ, ತಿಳಿ ಬಣ್ಣಕ್ಕೆ ಮಾತ್ರ ಬೇಡ, ಮಾಸಲು ಛಾಯೆ ಬರಬಹುದು.

ಒಣಗಿಸುವ ವಿಷಯದಲ್ಲಿ ನಾವು ಪುಣ್ಯವಂತರು. ಮಡಿಕೇರಿಯಲ್ಲಿ ದಿನಗಟ್ಟಲೆ ಕಾಯುವುದನ್ನು ಇಲ್ಲಿ ಬೆಳಗ್ಗೆ ಹಾಕಿ ಸಂಜೆಗೆ ಎತ್ತಬಹುದು. ಆದರೆ ನೆರಳಲ್ಲಿ, ಫ್ಯಾನಿನ ಕೆಳಗೆ. ಮಾಳಿಗೆ ಮೇಲಿನ ಬಿಸಿಲಿಗೆ ಬಣ್ಣ ಹೋಗುತ್ತದೆ. ಸಂಡೂರು, ತೋರಣಗಲ್ಲು ಕಡೆಯವರಾದರೆ ಮೇಲಿಂದ ಕೆಂಪು ಧೂಳು ಬೇರೆ. ತಂತಿಗಂತೂ ನೇತು ಹಾಕಲೇಬೇಡಿ. ಒದ್ದೆ ಸ್ವೆಟರಿನ ತೂಕಕ್ಕೆ ತೋಳು ಮೊಣಕಾಲಿಗೆ ಬರುತ್ತದೆ.

ಹಬೆಯ ವಿಧಾನ ಅಕ್ರಿಲಿಕ್‌ಗೆ. ಅಕ್ರಿಲಿಕ್ ನೀರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಒದ್ದೆ ಮಾಡಿ ಸೂಜಿ ಚುಚ್ಚಿ ಒಣಗಿಸಿದರೂ, ಒಂದೆರಡು ಒಗೆತಕ್ಕೆ ಮತ್ತೆ ಸುರುಳಿ. ಬಿಸಿ ಹಬೆಗೆ ಅದರ ಎಳೆ ಮೆತ್ತಗಾಗುತ್ತದೆ, ಆರಿದಾಗ ಅದೇ ಆಕಾರದಲ್ಲಿ ನಿಲ್ಲುತ್ತದೆ. ಸೂಜಿ ಚುಚ್ಚಿದ ತುಂಡಿನ ಮೇಲೆ ಹಬೆ ಇಸ್ತ್ರಿಪೆಟ್ಟಿಗೆಯನ್ನು ಎರಡು ಬೆರಳಷ್ಟು ಮೇಲೆ ಹಿಡಿದು ಹಾಯಿಸಿ. ಮುಟ್ಟಿಸಬೇಡಿ. ಮುಟ್ಟಿತೋ, ಆ ಜಾಗ ಚಪ್ಪಟೆಯಾಗಿ, ಮಿರುಗಿ, ಜೀವ ಕಳೆದುಕೊಂಡು ಬಿಡುತ್ತದೆ. ಅದನ್ನು ಯಾವ ಉಪಾಯದಿಂದಲೂ ಹಿಂದಕ್ಕೆ ತರಲಾಗದು. ಕೆಳಗಿನ ಬಾರ್ಡರ್, ಮುಂಗೈ ಬಾರ್ಡರ್, ಕತ್ತಿನ ಪಟ್ಟಿಗಂತೂ ಹಬೆ ತೋರಿಸಲೇಬೇಡಿ. ಸೀದಾ-ಉಲ್ಟಾ ಹೆಣೆದ ಬಾರ್ಡರಿನ ಕೆಲಸವೇ ಎಳೆದರೆ ಬಂದು, ಬಿಟ್ಟರೆ ಕುಗ್ಗೋದು. ಹಬೆ ಅದನ್ನೇ ಕೊಲ್ಲುತ್ತದೆ.

ಮೂರನೆಯದು ಸಿಂಪಡಿಸೋದು. ಒಣ ತುಂಡನ್ನೇ ಸೂಜಿ ಚುಚ್ಚಿ ಹರಡಿ, ಸ್ಪ್ರೇ ಬಾಟಲಿಯಿಂದ ನೀರು ಹಾಯಿಸಿ, ಹಾಗೇ ಒಣಗಲು ಬಿಡೋದು. ಪರಿಣಾಮ ಕಡಿಮೆ, ಅಪಾಯವೂ ಕಡಿಮೆ. ದಾರ ಯಾವುದು ಅನ್ನೋದು ಖಚಿತವಿಲ್ಲದಿದ್ದರೆ, ಅಥವಾ ಅಕ್ರಿಲಿಕ್-ಉಣ್ಣೆ ಮಿಶ್ರವಾಗಿದ್ದರೆ ಇದನ್ನೇ ಮಾಡಿ. ಹೊಲಿಯುವಾಗ ಅಂಚು ಮಡಚದೆ ಕೂತರೆ ಸಾಕಲ್ವಾ, ಉಳಿದದ್ದು ಮೈಮೇಲೆ ಸರಿಹೋಗುತ್ತದೆ.

ಜೋಡಿಸೋದು: ಕೈಯಲ್ಲಾ, ಕ್ರೋಶಾ ಕಡ್ಡಿಯಲ್ಲಾ, ಮಿಷಿನ್ ಮೇಲಾ?

ಮಿಷಿನ್ ವಿಷಯದಿಂದಲೇ ಶುರು ಮಾಡೋಣ, ಬಳ್ಳಾರಿಯಲ್ಲಿ ಎಲ್ಲರಿಗೂ ಮೊದಲು ಹೊಳೆಯೋದು ಅದೇ. ಜೀನ್ಸ್ ಹೊಲಿಯುವ ಊರು ಇದು. ಕೌಲ್ ಬಜಾರ್ ಕಡೆ ಓಣಿಗೊಂದು ಮಿಷಿನ್ ಸದ್ದು ಕೇಳುತ್ತದೆ. “ಅಕ್ಕಾ, ಮನಿ ಬಾಜೂಕ ಓವರ್‌ಲಾಕ್ ಐತಿ, ಹತ್ತು ನಿಮಿಷದಾಗ ಹೊಡ್ಕೊಡ್ತಾರ. ಕೊಟ್ರ ಏನಾಗತೈತಿ?” ಅಂತ ಹೊಸದಾಗಿ ಹೆಣೆಯೋಕೆ ಕಲಿತವರು ಕೇಳುತ್ತಲೇ ಇರುತ್ತಾರೆ.

ಆಗೋದು ಇಷ್ಟು. ಜೀನ್ಸ್ ಬಟ್ಟೆ ಎಳೆದರೆ ಬರುವುದಿಲ್ಲ, ಕೈ ಹೆಣಿಗೆ ಎಳೆದಷ್ಟೂ ಬರುತ್ತದೆ. ಮಿಷಿನ್ ಪಾದ ಮೇಲಿನ ತುಂಡನ್ನು ಒತ್ತಿ ಹಿಗ್ಗಿಸುತ್ತಾ ಹೋಗುತ್ತದೆ, ಕೆಳಗಿನ ಹಲ್ಲು ಕೆಳಗಿನ ತುಂಡನ್ನು ಬೇರೆ ವೇಗದಲ್ಲಿ ತಳ್ಳುತ್ತದೆ. ಬಗಲಿಗೆ ಬರುವ ಹೊತ್ತಿಗೆ ಒಂದು ಪಕ್ಕ ಮೂರು ಬೆರಳು ಜಾಸ್ತಿ ಉಳಿದಿರುತ್ತದೆ, ಹೊಲಿದ ಅಂಚು ಅಲೆ ಅಲೆಯಾಗಿರುತ್ತದೆ. “ಅಕ್ಕಾರ, ಇದು ಕೈಯಾಗ ನಿಲ್ಲವಲ್ದು” ಅಂತ ಪಳಗಿದ ಟೇಲರೂ ಹೇಳುತ್ತಾರೆ. ಅವರ ತಪ್ಪಲ್ಲ, ಆ ಮಿಷಿನ್ ಮಾಡಿದ್ದೇ ಬೇರೆ ಕೆಲಸಕ್ಕೆ.

ಓವರ್‌ಲಾಕ್‌ನದು ಇನ್ನೂ ದೊಡ್ಡ ತೊಂದರೆ. ಅದರ ಚಾಕು ಅಂಚನ್ನು ಕತ್ತರಿಸುತ್ತಾ ಹೋಗುತ್ತದೆ. ಅಂದರೆ ನೀವು ಉದ್ದಕ್ಕೆ ಹೆಣೆದ ಒಂದೇ ಎಳೆ ಪ್ರತಿ ಸಾಲಿನ ಕೊನೆಯಲ್ಲೂ ತುಂಡಾಗುತ್ತದೆ. ಆ ಸ್ವೆಟರನ್ನು ಇನ್ನು ಬಿಚ್ಚಿ ದಾರ ಮಾಡೋಕೆ ಬರುವುದಿಲ್ಲ, ಸಾಲಿಗೊಂದರಂತೆ ಚೂರುಗಳು ಸಿಗುತ್ತವೆ ಅಷ್ಟೇ. ನನ್ನ ಲೆಕ್ಕದಲ್ಲಿ ಮಿಷಿನ್ ಇಲ್ಲಿಗೇ ಸೋತಿತು. ಯಂತ್ರದಲ್ಲೇ ಹೆಣೆದ ತೆಳು ಬಟ್ಟೆಗೆ ಅದು ಸರಿ, ಕಾರ್ಖಾನೆಗಳೂ ಹಾಗೇ ಮಾಡುತ್ತವೆ. ಕೈ ಹೆಣಿಗೆಗೆ ಬೇಡ.

ಹಾಗಾದರೆ ಕೈ ಹೊಲಿಗೆ. ಅದರಲ್ಲಿ ನಾಲ್ಕು ಬಗೆ ಸಾಮಾನ್ಯ.

ಮ್ಯಾಟ್ರೆಸ್ ಹೊಲಿಗೆಯೇ ನನ್ನ ಮೊದಲ ಆಯ್ಕೆ. ಪಕ್ಕದ ಅಂಚಿಗೆ, ತೋಳಿನ ಉದ್ದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಎರಡೂ ತುಂಡುಗಳನ್ನು ಸೀದಾ ಮಗ್ಗುಲು ಮೇಲೆ ಮಾಡಿ, ಪಕ್ಕಪಕ್ಕ ಮೇಜಿನ ಮೇಲಿಡಿ. ಅಂಚಿನ ಮೊದಲನೇ ಕುಣಿಕೆ, ಎರಡನೇ ಕುಣಿಕೆ ಇವುಗಳ ನಡುವೆ ಮೆಲ್ಲಗೆ ಎಳೆದು ನೋಡಿ. ಏಣಿಯ ಮೆಟ್ಟಿಲುಗಳ ಥರ ಅಡ್ಡ ಎಳೆಗಳು ಕಾಣುತ್ತವೆ, ಸಾಲಿಗೆ ಒಂದು. ಮೊಂಡು ತುದಿಯ ದಪ್ಪ ಸೂಜಿಯಿಂದ ಎಡಗಡೆಯ ಒಂದು ಅಡ್ಡ ಎಳೆ ಎತ್ತಿ, ಬಲಗಡೆಯ ಒಂದು ಎತ್ತಿ, ಮತ್ತೆ ಎಡಕ್ಕೆ. ಮೊದಲಿಗೆ ದಾರ ಸಡಿಲ ಸಡಿಲವಾಗಿ ಅಂಕುಡೊಂಕು ಕಾಣುತ್ತದೆ. ನಾಲ್ಕೈದು ಸೆಂಟಿಮೀಟರ್ ಆದ ಮೇಲೆ ದಾರದ ತುದಿ ಹಿಡಿದು ಮೇಲಕ್ಕೆ ಎಳೆಯಿರಿ. ಎರಡು ಅಂಚೂ ಒಳಗೆ ಮಡಚಿಕೊಂಡು, ಹೊಲಿಗೆ ಕಣ್ಣಿಗೇ ಕಾಣದ ಹಾಗೆ ಕೂಡಿಬಿಡುತ್ತವೆ. ಮೊದಲ ಸಲ ಮಾಡಿದವರು ಇಲ್ಲಿ ನಕ್ಕೇ ನಗುತ್ತಾರೆ.

ಜಾಸ್ತಿ ಎಳೆಯಬೇಡಿ, ಅಂಚು ಸುಕ್ಕಾಗುತ್ತದೆ. ಎಳೆದ ಮೇಲೆ ಒಂದು ಸಲ ಹೊಲಿಗೆಯನ್ನು ಉದ್ದಕ್ಕೆ ಹಿಗ್ಗಿಸಿ ಬಿಡಿ, ತಾನೇ ಸಮವಾಗುತ್ತದೆ. ಸಾಲಿಗೆ ಸಾಲು ಕೂಡುವುದರಿಂದ ಪಟ್ಟೆ ಇರುವ ಸ್ವೆಟರಿನಲ್ಲಿ ಪಟ್ಟೆಗೆ ಪಟ್ಟೆ ತಾಕುತ್ತದೆ. ಒಂದು ತುಂಡಿನಲ್ಲಿ ಎರಡು ಸಾಲು ಜಾಸ್ತಿ ಇದ್ದರೂ ಗಾಬರಿ ಬೇಡ. ಆ ಕಡೆ ಅಲ್ಲಲ್ಲಿ ಒಂದರ ಬದಲು ಎರಡು ಅಡ್ಡ ಎಳೆ ಒಟ್ಟಿಗೆ ಎತ್ತಿದರೆ ಮುಚ್ಚಿಹೋಗುತ್ತದೆ. ಬಿಚ್ಚಬೇಕಾದರೆ ಒಂದು ಕಡೆ ಕತ್ತರಿಸಿ ಎಳೆದರೆ ಸಾಕು. ನಿಧಾನ ಅನ್ನೋದೊಂದೇ ದೂರು. ನಿಜ, ನಿಧಾನವೇ. ಆದರೂ ಒಂದು ಮಧ್ಯಾಹ್ನದ ಕೆಲಸ, ಒಂದು ಚಳಿಗಾಲದ್ದಲ್ಲ.

ಬ್ಯಾಕ್ ಸ್ಟಿಚ್ ಗಟ್ಟಿ. ಉಲ್ಟಾ ಮಗ್ಗುಲು ಹೊರಗೆ ಮಾಡಿ, ಎರಡೂ ತುಂಡು ಕೂಡಿಸಿ, ಪ್ರತಿ ಸಲ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು ಹೊಲಿಯೋದು. ಒಳಗೆ ದಪ್ಪ ಏಣು ನಿಲ್ಲುತ್ತದೆ. ಭುಜಕ್ಕೆ ಇದು ಸರಿ, ಇಡೀ ಸ್ವೆಟರಿನ ಭಾರ ಅಲ್ಲೇ ತೂಗುತ್ತದೆ. ದೊಡ್ಡವರ ಸ್ವೆಟರ್ ಅರ್ಧ ಕಿಲೋ ತೂಗುವುದು ಹೊಸದಲ್ಲ. ಹತ್ತಿ ದಾರದ್ದಾದರೆ ಭುಜದ ಒಳಗೆ ತೆಳು ನಾಡಾ ಪಟ್ಟಿ ಇಟ್ಟು ಹೊಲಿದರೆ ಜೋಲುವುದಿಲ್ಲ. ಬ್ಯಾಕ್ ಸ್ಟಿಚ್‌ನ ತೊಂದರೆ ಅಂದರೆ ಬಿಚ್ಚೋದು ಕಷ್ಟ. ಅದೇ ಬಣ್ಣದ ದಾರದಲ್ಲಿ ಹೊಲಿದಿದ್ದರೆ ಯಾವುದು ಹೊಲಿಗೆ, ಯಾವುದು ಹೆಣಿಗೆ ಅಂತ ಗೊತ್ತಾಗದೆ ಕತ್ತರಿ ತಪ್ಪು ಎಳೆಗೆ ಬೀಳುತ್ತದೆ. ಭುಜದ ಕುಣಿಕೆಗಳನ್ನು ಇನ್ನೂ ಮುಚ್ಚಿಲ್ಲವಾದರೆ, ಅಂದರೆ ಅವು ಇನ್ನೂ ಕಡ್ಡಿಯ ಮೇಲೇ ಇದ್ದರೆ, ಮೂರು ಕಡ್ಡಿ ವಿಧಾನ ಇನ್ನೂ ಒಳ್ಳೆಯದು. ಎರಡೂ ಕಡ್ಡಿಯಿಂದ ಒಂದೊಂದು ಕುಣಿಕೆ ಒಟ್ಟಿಗೆ ಹೆಣೆದು, ಮೂರನೇ ಕಡ್ಡಿಯಲ್ಲಿ ಮುಚ್ಚುತ್ತಾ ಹೋಗೋದು. ಸೂಜಿಯ ಕೆಲಸವೇ ಇಲ್ಲ, ಗಟ್ಟಿಯೂ ಹೌದು, ತುದಿಯಿಂದ ಎಳೆದರೆ ಬಿಚ್ಚಿಯೂ ಬರುತ್ತದೆ.

ಕ್ರೋಶಾ ಕಡ್ಡಿಯಿಂದ ಜೋಡಿಸೋದು ಬೇಗ. ಕ್ರೋಶಾ ಬರುವವರಿಗೆ ಇದು ಒಂದು ಗಂಟೆಯ ಮಾತು. ತುದಿ ಹಿಡಿದೆಳೆದರೆ ಸರಸರ ಬಿಚ್ಚುತ್ತದೆ, ಅದೂ ಒಳ್ಳೆಯದೇ. ಒಳಗೆ ಹೆಣೆದ ಹಗ್ಗದಂತೆ ಏಣು ಏಳುತ್ತದಲ್ಲ, ಅದೇ ಇದರ ತಕರಾರು. ಬಿಗಿ ಕೈಯವರು ಹಾಕಿದರೆ ಪಕ್ಕ ಗಿಡ್ಡವಾಗಿ ಸ್ವೆಟರ್ ಮೇಲಕ್ಕೆ ಹಾರುತ್ತದೆ. ಬೆಳೆಯುವ ಮಗುವಿನ ಸ್ವೆಟರಿಗೆ, ಎರಡು ವರ್ಷಕ್ಕೆ ಬಿಚ್ಚುವುದೇ ಖಾತ್ರಿ ಇದ್ದರೆ, ನಾನು ಇದನ್ನೇ ಹೇಳುತ್ತೇನೆ. ಒಂದು ನಂಬರ್ ದೊಡ್ಡ ಕ್ರೋಶಾ ಹಿಡಿಯಿರಿ ಅಷ್ಟೇ.

ಅಂಚು ಸುತ್ತಿ ಹೊಲಿಯೋದು ನಾಲ್ಕನೆಯದು. ಸುಲಭ, ಚಪ್ಪಟೆ, ಹೊರಗೆ ಕಾಣುತ್ತದೆ. ಜೇಬು ಕೂಡಿಸೋಕೆ, ಒಳಗೆ ಮಡಚಿದ ಕತ್ತಿನ ಪಟ್ಟಿಗೆ ಸಾಕು.

ಕೌದಿ ಹೊಲಿದು ಪಳಗಿದ ಕೈಗಳಿಗೆ ಒಂದು ಮಾತು. ಕೌದಿಯ ನೇರ ಓಡುಹೊಲಿಗೆ ಇಲ್ಲಿ ಕೈಕೊಡುತ್ತದೆ. ಸ್ವೆಟರ್ ಹಿಗ್ಗಿದಾಗ ಆ ದಾರ ಹಿಗ್ಗುವುದಿಲ್ಲ. ತಲೆಯಿಂದ ಎಳೆದು ಹಾಕಿಕೊಳ್ಳುವಾಗ ಟಪ್ ಅಂತ ಹರಿಯುತ್ತದೆ.

ಯಾವ ಬಗೆ ಆರಿಸಿದರೂ ಹೊಲಿಯುವ ಕ್ರಮ ಒಂದೇ: ಮೊದಲು ಭುಜ, ಆಮೇಲೆ ಕತ್ತಿನ ಪಟ್ಟಿ, ಆಮೇಲೆ ತೋಳನ್ನು ಭುಜಕ್ಕೆ ಕೂಡಿಸೋದು, ಕೊನೆಗೆ ಮುಂಗೈಯಿಂದ ಬಗಲಿಗೆ, ಬಗಲಿಂದ ಕೆಳ ಬಾರ್ಡರಿಗೆ ಒಂದೇ ಓಟ. ತೋಳು ಕೂಡಿಸುವಾಗ ತೋಳಿನ ತುದಿಯ ನಡುಮಧ್ಯ ಭುಜದ ಹೊಲಿಗೆಗೆ ತಾಕಿಸಿ ಸೂಜಿ ಚುಚ್ಚಿ, ಅಲ್ಲಿಂದ ಎರಡೂ ಕಡೆ ಇಳಿಯಿರಿ. ಒಂದು ತುದಿಯಿಂದ ಶುರು ಮಾಡಿದರೆ ಇನ್ನೊಂದು ತುದಿಯಲ್ಲಿ ಉಳಿದೇ ಉಳಿಯುತ್ತದೆ.

ಹೊಲಿಗೆಯೇ ಇಲ್ಲದ ಸ್ವೆಟರ್ ಆಗಲ್ವಾ?

ಆಗುತ್ತದೆ. ಉದ್ದ ವೈರಿನ ಸರ್ಕ್ಯುಲರ್ ಕಡ್ಡಿಯಲ್ಲಿ ಕತ್ತಿನಿಂದ ಕೆಳಗೆ ಸುತ್ತಿ ಸುತ್ತಿ ಹೆಣೆದು ಬರೋದು. ಸಾಮಾನ್ಯವಾಗಿ ರಾಗ್ಲನ್ ತೋಳು ಇಡುತ್ತಾರೆ, ಕತ್ತಿನಿಂದ ಬಗಲಿಗೆ ಓರೆಯಾಗಿ ಗೆರೆ ಬರುವಂಥದ್ದು. 1815ರ ವಾಟರ್ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡ ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ರಾಗ್ಲನ್ ಹೆಸರು ಆ ತೋಳಿಗೆ ಬಂದಿದೆ. ಇದರಲ್ಲಿ ಕೊನೆಗೆ ಹೊಲಿಯೋಕೆ ಉಳಿಯೋದು ಬಗಲಿನ ಎರಡು ಸಣ್ಣ ತೂತು ಮಾತ್ರ. ಹೆಣೆಯುತ್ತಲೇ ಮಗುವಿಗೆ ತೊಡಿಸಿ ಉದ್ದ ನೋಡಬಹುದು. ಮುಂದಿನ ವರ್ಷ ಕೆಳಗಿನ ಬಾರ್ಡರ್ ಬಿಚ್ಚಿ ನಾಲ್ಕು ಬೆರಳು ಸೇರಿಸಬಹುದು.

ಇಷ್ಟು ಚೆನ್ನಾಗಿದ್ದರೆ ಎಲ್ಲರೂ ಯಾಕೆ ಇದನ್ನೇ ಮಾಡಲ್ಲ? ಇಡೀ ಸ್ವೆಟರ್ ತೊಡೆಯ ಮೇಲೆ ಇರುತ್ತದೆ, ಅದಕ್ಕೆ. ಬಳ್ಳಾರಿಯ ಅಕ್ಟೋಬರ್ ಸೆಕೆಯಲ್ಲಿ, ಕರೆಂಟ್ ಹೋದ ಹೊತ್ತಲ್ಲಿ, ಅದನ್ನು ಹೊದ್ದು ಕೂರೋಕೆ ಆಗೋಲ್ಲ. ತುಂಡುಗಳಾದರೆ ಬಸ್ಸಿನಲ್ಲೂ ಚೀಲದಿಂದ ತೆಗೆದು ಹೆಣೆಯಬಹುದು. ಇನ್ನೊಂದು, ಪಕ್ಕದ ಹೊಲಿಗೆ ಸ್ವೆಟರಿಗೆ ಒಂದು ಬೆನ್ನೆಲುಬು ಕೊಡುತ್ತದೆ. ದೊಡ್ಡವರ ಭಾರದ ಸ್ವೆಟರ್ ಹೊಲಿಗೆ ಇಲ್ಲದೆ ಹೆಣೆದರೆ ಒಗೆದಂತೆಲ್ಲ ತಿರುಚಿ ಜೋಲುವುದುಂಟು. ಹಾಗಾಗಿ ಐದು ವರ್ಷದ ಒಳಗಿನ ಮಕ್ಕಳಿಗೆ ಸುತ್ತು ಹೆಣಿಗೆ, ದೊಡ್ಡವರಿಗೆ ತುಂಡು ಹೆಣಿಗೆ. ಮೊದಲ ಸ್ವೆಟರ್ ಹೆಣೆಯುವವರಿಗೆ ಹೊಲಿಗೆಯ ಭಯ ಜಾಸ್ತಿ ಇದ್ದರೆ ಸುತ್ತು ಹೆಣಿಗೆಯಿಂದಲೇ ಶುರು ಮಾಡಲಿ.

ನೇತಾಡುವ ತುದಿಗಳು

ಉಂಡೆ ಬದಲಾದಲ್ಲೆಲ್ಲ ಎರಡು ತುದಿ. ಪಟ್ಟೆ ಹಾಕಿದ್ದರೆ ಹೇಳೋದೇ ಬೇಡ.

ಗಂಟು ಹಾಕಿ ಕತ್ತರಿಸಿಬಿಡೋದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು. ಅಕ್ರಿಲಿಕ್ ದಾರ ನುಣುಪು, ಒಗೆತಕ್ಕೆ ಗಂಟು ಜಾರುತ್ತದೆ. ಜಾರದಿದ್ದರೆ ಮುಂದಕ್ಕೆ ತೂರಿಕೊಂಡು ಎದೆಯ ಮೇಲೇ ಬಂದು ಕೂರುತ್ತದೆ. ಸೂಜಿಯಲ್ಲಿ ಪೋಣಿಸಿ ನೇಯ್ದುಬಿಡೋದು ಸರಿಯಾದ ದಾರಿ. ಅದಕ್ಕೆ ಕನಿಷ್ಠ 15 ಸೆಂಟಿಮೀಟರ್ ತುದಿ ಉಳಿಸಿರಬೇಕು. ಒಂದು ದಿಕ್ಕಿಗೆ ಐದಾರು ಕುಣಿಕೆ ಹೋಗಿ, ತಿರುಗಿ ಬೇರೆ ಸಾಲಿನಲ್ಲಿ ವಾಪಸ್ ಬನ್ನಿ. ಪಕ್ಕದ ಹೊಲಿಗೆಯ ಏಣಿನೊಳಗೆ ಸೇರಿಸಿದರೆ ಇನ್ನೂ ಚೆನ್ನ, ಹೊರಗೆ ಏನೂ ಕಾಣುವುದಿಲ್ಲ. ಹೊಸ ಉಂಡೆಯನ್ನು ಸಾಲಿನ ನಡುವೆ ಅಲ್ಲ, ಅಂಚಿನಲ್ಲೇ ಶುರು ಮಾಡಿ ಅನ್ನೋದು ಇದಕ್ಕೇ.

ಉಣ್ಣೆಯವರಿಗೆ ಮೂರನೇ ದಾರಿ ಇದೆ. ಎರಡೂ ತುದಿಯ ಎಳೆ ಬಿಡಿಸಿ, ಒಂದರ ಮೇಲೊಂದು ಇಟ್ಟು, ಒದ್ದೆ ಮಾಡಿ ಅಂಗೈಯಲ್ಲಿ ಬಿಸಿಯಾಗುವಂತೆ ಉಜ್ಜಿದರೆ ಎರಡೂ ಅಂಟಿ ಒಂದೇ ದಾರವಾಗುತ್ತದೆ. ತುದಿಯೇ ಉಳಿಯುವುದಿಲ್ಲ. ಅಕ್ರಿಲಿಕ್‌ಗೆ, ಹತ್ತಿಗೆ, ಮಿಷಿನ್‌ನಲ್ಲಿ ಒಗೆಯಬಹುದು ಅಂತ ಬರೆದಿರುವ ಉಣ್ಣೆಗೆ ಇದು ನಡೆಯೋಲ್ಲ.

ಎಲ್ಲ ತುದಿಯನ್ನೂ ಕೊನೆಗೆ ಅಂತ ಇಟ್ಟುಕೊಳ್ಳಬೇಡಿ. ಒಂದು ತುಂಡು ಮುಗಿದಾಗ ಅದರ ತುದಿಗಳನ್ನು ಅವತ್ತೇ ಮುಗಿಸಿ.

ತಲೆ ಹೋಗದ ಕತ್ತು

ಇದು ಎಲ್ಲಕ್ಕಿಂತ ಹೊಟ್ಟೆ ಉರಿಸುವ ವಿಷಯ. ಸ್ವೆಟರ್ ಮುಗಿದಿದೆ, ತುಂಡು ತುಂಡೂ ಸರಿ ಇದೆ, ಮಗುವಿನ ತಲೆಯೇ ಹೋಗೋಲ್ಲ. ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 46 ಸೆಂಟಿಮೀಟರ್ ಇರುತ್ತದೆ. ಮೈಗೆ ಹೋಲಿಸಿದರೆ ಮಕ್ಕಳ ತಲೆ ದೊಡ್ಡದು. ಕತ್ತಿನ ಪಟ್ಟಿ ಎಳೆದಾಗ ಅಷ್ಟು ಬರಲೇಬೇಕು.

ಆಯ್ಕೆ ಮೂರು. ಪಟ್ಟಿ ಸಡಿಲವಾಗಿ ಮುಚ್ಚೋದು, ಭುಜದ ಮೇಲೆ ತೆರೆದಿಟ್ಟು ಗುಂಡಿ ಹಾಕೋದು, ಇಲ್ಲವೇ ಮುಂದೆ ಪೂರ್ತಿ ತೆರೆಯೋದು. ಮೂರು ವರ್ಷದ ಮೇಲಿನವರಿಗೆ ಮೊದಲನೆಯದು ಸಾಕು. ಪಟ್ಟಿಯನ್ನು 10 ನಂಬರ್ ಕಡ್ಡಿಯಲ್ಲಿ, ಅಂದರೆ 3.25 ಮಿಲಿಮೀಟರಿನದರಲ್ಲಿ ಹೆಣೆದಿದ್ದರೆ, ಮುಚ್ಚುವಾಗ ಬಲಗೈಗೆ 8 ನಂಬರ್, 4 ಮಿಲಿಮೀಟರಿನ ಕಡ್ಡಿ ತೆಗೆದುಕೊಳ್ಳಿ. ನಂಬರ್ ಇಳಿದಷ್ಟೂ ಕಡ್ಡಿ ದಪ್ಪ ಅನ್ನೋದು ನೆನಪಿರಲಿ. ದಾರ ಕತ್ತರಿಸುವ ಮೊದಲೇ ಮಗುವನ್ನು ಕೂಗಿ ತಲೆಗೆ ಹಾಕಿ ನೋಡಿ. ಮಗು ದೂರದ ಊರಲ್ಲಿದ್ದರೆ ಟೇಪಿನಿಂದ ನೋಡಿ.

ಪಟ್ಟಿ ಹೆಣೆಯೋಕೆ ಕತ್ತಿನ ಸುತ್ತ ಅಂಚಿನಿಂದ ಹೊಸ ಕುಣಿಕೆ ಎತ್ತುವಾಗ ನೇರ ನಿಂತ ಅಂಚಿನಲ್ಲಿ ನಾಲ್ಕು ಸಾಲಿಗೆ ಮೂರು ಕುಣಿಕೆ, ಅಡ್ಡ ಮುಚ್ಚಿದ ಅಂಚಿನಲ್ಲಿ ಒಂದಕ್ಕೆ ಒಂದು. ಸಾಲಿಗೊಂದು ಎತ್ತಿದರೆ ಪಟ್ಟಿ ಹೊರಕ್ಕೆ ಚೆಲ್ಲುತ್ತದೆ, ಕಡಿಮೆಯಾದರೆ ಕತ್ತು ಸುಕ್ಕುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಭುಜದ ತೆರೆಯುವಿಕೆಯೇ ಸರಿ. ತಲೆ ತೂರಿಸುವಾಗ ಮಗು ಅಳುವುದು, ನೀವು ಬೆವರುವುದು ಎರಡೂ ತಪ್ಪುತ್ತವೆ.

ಗುಂಡಿಯಾ, ಜಿಪ್ಪಾ?

ಜೀನ್ಸ್ ಊರಲ್ಲಿ ಜಿಪ್ಪಿಗೆ ಬರವಿಲ್ಲ, ಅದೇ ಅಪಾಯ. ಪ್ಯಾಂಟಿನ ಲೋಹದ ಜಿಪ್ ಭಾರ, ಅದೂ ಕೆಳಗೆ ಮುಚ್ಚಿರುತ್ತದೆ. ಸ್ವೆಟರಿಗೆ ಬೇಕಾದದ್ದು ಕೆಳಗೆ ಎರಡು ಹೋಳಾಗುವ, ಹಗುರ ಪ್ಲಾಸ್ಟಿಕ್ ಹಲ್ಲಿನದು. ತುಂಡು ಅಳತೆಗೆ ಬಂದ ಮೇಲೆ ಮುಂಭಾಗ ಅಳೆದು, ಆಮೇಲೆ ಜಿಪ್ ತನ್ನಿ. ಮೊದಲೇ ತಂದಿಟ್ಟರೆ ಸ್ವೆಟರನ್ನು ಜಿಪ್ಪಿಗೆ ಹೊಂದಿಸುವ ಒದ್ದಾಟ. ಹಾಕುವಾಗ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಆಮೇಲೆ ಸಣ್ಣ ದಾರದಲ್ಲಿ ಕೈಯಿಂದಲೇ ಬ್ಯಾಕ್ ಸ್ಟಿಚ್. ಟಿಚ್ ಬಟನ್ ಗುದ್ದಿಸೋದು ಬೇಡ. ಎಳೆದಾಗ ಅದು ಹೆಣಿಗೆಯನ್ನೇ ಕಿತ್ತುಕೊಂಡು ಬರುತ್ತದೆ.

ಶಾಲೆಗೆ ಹೋಗುವ ಗಡಿಬಿಡಿ ಮಕ್ಕಳಿಗೆ ಜಿಪ್. ಉಳಿದವರಿಗೆಲ್ಲ ಗುಂಡಿಯೇ ಚೆಂದ, ತೆಗೆದು ಬೇರೆ ಹಾಕೋದೂ ಸುಲಭ. ಮೊದಲು ಗುಂಡಿ ಕೂಡುವ ಪಟ್ಟಿ ಹೆಣೆದು, ಅದರ ಮೇಲೆ ಗುಂಡಿಯ ಜಾಗ ಗುರುತು ಮಾಡಿ. ಆ ಲೆಕ್ಕದಲ್ಲೇ ಇನ್ನೊಂದು ಪಟ್ಟಿಯಲ್ಲಿ ಕಾಜಾ ಬಿಡಿ. ಕಾಜಾ ಬಳಕೆಗೆ ಹಿಗ್ಗುತ್ತದೆ, ಗುಂಡಿ ಬಿಗಿಯಾಗಿ ತೂರುವಷ್ಟೇ ಇರಲಿ. ಹಾಲುಗೂಸಿನ ಸ್ವೆಟರಿಗೆ ಸಡಿಲ ಗುಂಡಿ ಅಪಾಯ, ಬಾಯಿಗೆ ಹಾಕಿಕೊಳ್ಳುತ್ತವೆ. ಒಗೆದಾಗಲೆಲ್ಲ ಎಳೆದು ನೋಡಿ.

ಕೊಟ್ಟು ಮುಗಿಸೋದಾ, ಬಿಚ್ಚಿಬಿಡೋದಾ?

ಇಷ್ಟೆಲ್ಲ ಓದಿ “ನನ್ನ ಕೈಲಿ ಆಗೋಲ್ಲ” ಅನಿಸಿದರೆ ಕೊಟ್ಟು ಮಾಡಿಸಿ, ಅದರಲ್ಲಿ ಸಣ್ಣತನ ಏನಿಲ್ಲ. ಆದರೆ ಟೇಲರಿಗಲ್ಲ, ಹೆಣೆಯುವವರಿಗೆ. ಶಕ್ತಿನಗರ, ಹಟ್ಟಿ, ತೋರಣಗಲ್ಲಿನಂಥ ಕಾಲೊನಿಗಳಲ್ಲಿ ಬೇರೆ ಬೇರೆ ಕಡೆಯಿಂದ ಬಂದ ಮನೆಗಳಿವೆ. ಚಳಿ ದೇಶದಿಂದ ಬಂದ ಹಿರಿಯ ಹೆಂಗಸರು ಯಾರಾದರೂ ಇದ್ದರೆ ಹೋಗಿ ಕೇಳಿ. ಕಸೂತಿ ಬಲ್ಲವರೂ ಆಗುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೇ ಇದೆ. ದಾರ ಎಷ್ಟು ಎಳೆಯಬೇಕು ಅನ್ನೋದು ಅಂಥ ಕೈಗಳಿಗೆ ಗೊತ್ತಿರುತ್ತದೆ, ಮ್ಯಾಟ್ರೆಸ್ ಹೊಲಿಗೆ ಒಂದು ಸಲ ತೋರಿಸಿದರೆ ಸಾಕು. ಕೊಡುವಾಗ ಅದೇ ಬಣ್ಣದ ದಾರ ಒಂದು ಸಣ್ಣ ಉಂಡೆ, ಅಳತೆ ಬರೆದ ಚೀಟಿ ಜೊತೆಗಿಡಿ. ಕೂಲಿ ಎಷ್ಟು ಅಂತ ಮೊದಲೇ ಕೇಳಿ. “ಅಯ್ಯ, ಅದೇನ್ ಬಿಡ್ರೀ” ಅಂದರೂ ಕೊಡಿ.

ಮಗು ಆಗಲೇ ದೊಡ್ಡದಾಗಿದ್ದರೆ ಆ ತುಂಡುಗಳನ್ನು ಹಟಕ್ಕೆ ಬಿದ್ದು ಜೋಡಿಸಬೇಡಿ. ಚಿಕ್ಕ ಮಗು ಇರುವ ಮನೆ ಗೊತ್ತಿದ್ದರೆ ಮುಗಿಸಿ ಕೊಡಿ, ಇಲ್ಲವಾದರೆ ಬಿಚ್ಚಿ. ಮುಚ್ಚಿದ ತುದಿಯ ಕಡೆಯಿಂದ ಎಳೆಯಬೇಕು, ಶುರು ಮಾಡಿದ ಕಡೆಯಿಂದ ಬರುವುದಿಲ್ಲ. ಬಿಚ್ಚಿದ ದಾರ ಗುಂಗುರು ಗುಂಗುರಾಗಿರುತ್ತದೆ, ಹಾಗೇ ಹೆಣೆದರೆ ಕುಣಿಕೆಗಳು ಏರುಪೇರಾಗುತ್ತವೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಬೇರೆ ದಾರದಿಂದ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ನೆರಳಲ್ಲಿ ತೂಗು ಹಾಕಿ. ಉಣ್ಣೆಯ ಗುಂಗುರು ಪೂರ್ತಿ ಹೋಗುತ್ತದೆ, ಅಕ್ರಿಲಿಕ್‌ನದು ಅರ್ಧಂಬರ್ಧ. ಅಕ್ರಿಲಿಕ್ ಲಡಿಯ ಕೆಳಗೆ ಹಗುರವಾದ ಏನಾದರೂ ತೂಗು ಬಿಟ್ಟರೆ ಒಂಚೂರು ಜಾಸ್ತಿ ನೇರವಾಗುತ್ತದೆ. ಉಂಡೆ ಸುತ್ತುವಾಗ ಬಿಗಿಯಾಗಿ ಸುತ್ತಬೇಡಿ. ಹೊಸ ಅಳತೆಗೆ ಆ ದಾರ ಸಾಲದಿದ್ದರೆ ಬಾರ್ಡರ್, ಮುಂಗೈ, ಕತ್ತು ಮೂರನ್ನೂ ಬೇರೆ ಬಣ್ಣದಲ್ಲಿ ಹೆಣೆಯಿರಿ, ಬೇಕಂತಲೇ ಹಾಗೆ ಮಾಡಿದಂತೆ ಕಾಣುತ್ತದೆ.